ಕಾರು ಜಾರಿದರೆ ಗೇಮ್ ರಿಯಲ್ ಆಗಿಬಿಡುತ್ತಾ?

ರೇಸಿಂಗ್ ಗೇಮ್‌ನಲ್ಲಿ ಸ್ಟೀರಿಂಗ್ ಸ್ವಲ್ಪ ತಿರುಗಿಸಿದ ಕೂಡಲೇ ಕಾರು ಗಿರಕಿ ಹೊಡೆದರೆ ನಮ್ಮ ಹುಬ್ಬಳ್ಳಿ ಹುಡುಗರು "ಅಣ್ಣಾ, ಇದು ಖರೇ ಕಾರ್ ಹಂಗ ಐತಿ ನೋಡು" ಅನ್ನುತ್ತಾರೆ. ನಾನಂತೂ ಒಪ್ಪಲ್ಲ. ಇಲ್ಲಿಂದ ಧಾರವಾಡಕ್ಕೆ ದಿನಾ ಅಷ್ಟೊಂದು ಜನ ಕಾರು ಓಡಿಸುತ್ತಾರೆ, ನವಲೂರು ದಾಟುವಾಗ ಯಾರ ಕಾರು ಸುಮ್ನೆ ಜಾರುತ್ತದೆ ಹೇಳಿ? ಒಣ ಡಾಂಬರಿನ ಮೇಲೆ ಒಳ್ಳೆ ಟೈರಿಗೆ ಸಿಕ್ಕಾಪಟ್ಟೆ ಹಿಡಿತ ಇರುತ್ತದೆ.

ಹಾಗಾಗಿ ಹೊಸ ಗೇಮ್ ಹಾಕಿದರೆ ನಾನು ಮೊದಲು ನೋಡುವುದು ಬ್ರೇಕ್. ರೇಸ್ ಕಾರು ಬೇಡ, ಮಾಮೂಲಿ ರಸ್ತೆ ಕಾರು ತೆಗೆದುಕೊಂಡು ನೇರ ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ. ವೇಗಕ್ಕೆ ಹೋಗಿ ಪೂರ್ತಿ ಬ್ರೇಕ್ ಒತ್ತುತ್ತೇನೆ, ಆಮೇಲೆ ರೀಪ್ಲೇಯಲ್ಲಿ ಸಮಯ ನೋಡುತ್ತೇನೆ. ನಿಜವಾದ ಕಾರು, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದು ಟೈರ್ ಚೆನ್ನಾಗಿದ್ದರೆ, ಸುಮಾರು 3 ಸೆಕೆಂಡಿನಲ್ಲಿ, 40 ಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತದೆ. 50ರಿಂದ ಆದರೆ ದೂರ ಅದರ ಕಾಲು ಭಾಗ, ಅರ್ಧ ಅಲ್ಲ. ಇದರ ಹತ್ತಿರಕ್ಕೂ ಬರದ ಗೇಮ್ ಮುಂದೆ ಏನು ಮಾಡಿದರೂ ನನಗೆ ನಂಬಿಕೆ ಬರಲ್ಲ.

ಎರಡನೆಯದು ಭಾರ. ವಿದ್ಯಾನಗರದಲ್ಲಿ ಹಂಪ್ ಬಂತು ಅಂತ ಬ್ರೇಕ್ ಹಾಕಿದಾಗ ಕಾರಿನ ಮೂತಿ ಕೆಳಗೆ ಹೋಗುತ್ತದಲ್ವಾ, ಆಗ ಮುಂದಿನ ಟೈರಿನ ಮೇಲೆ ಭಾರ ಜಾಸ್ತಿ, ಹಿಂದಿನದು ಹಗುರ. ಅದಕ್ಕೇ ಜೋರಾಗಿ ತಿರುವಿನಲ್ಲಿ ಹೋಗುವಾಗ ಆಕ್ಸಿಲರೇಟರ್ ಪೂರಾ ಬಿಟ್ಟರೆ ಹಿಂಭಾಗ ಹೊರಗೆ ಬರಲು ನೋಡುತ್ತದೆ. ಗೇಮ್‌ನಲ್ಲೂ ಹಾಗೇ ಆಗಬೇಕು, ಆದರೆ ಒಮ್ಮೆಲೇ ಅಲ್ಲ: ಟೈರ್ ಮೊದಲು ಕಿರುಚಬೇಕು, ಸ್ಟೀರಿಂಗ್ ಹಗುರಾಗಬೇಕು, ತಡೆಯಲು ಒಂದು ಅವಕಾಶ ಸಿಗಬೇಕು.

ನಾನು ಜಾಸ್ತಿ ಆಡುವುದು ಅಸೆಟ್ಟೊ ಕೊರ್ಸಾ. 2014ರಲ್ಲಿ ಪೂರ್ತಿ ಬಿಡುಗಡೆಯಾದ ಇಟಲಿಯವರ ಗೇಮ್, ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಅದರಲ್ಲಿ ಎಬಿಎಸ್, ಟ್ರಾಕ್ಷನ್ ಕಂಟ್ರೋಲ್ (ಆಕ್ಸಿಲರೇಟರ್ ಒತ್ತಿದಾಗ ಚಕ್ರ ಸುಮ್ನೆ ತಿರುಗದಂತೆ ತಡೆಯುವುದು) ಎರಡನ್ನೂ 'ಫ್ಯಾಕ್ಟರಿ'ಗೆ ಇಟ್ಟಿದ್ದೇನೆ, ಅಂದರೆ ನಿಜವಾದ ಕಾರಿನಲ್ಲಿ ಇದ್ದರೆ ಮಾತ್ರ ಗೇಮ್‌ನಲ್ಲೂ ಇರುತ್ತದೆ. ಎಲ್ಲ ಆಫ್ ಮಾಡಿದರೇನೇ ಗಂಡಸ್ತನ ಅನ್ನುವವರಿದ್ದಾರೆ, ಅವರ ಪಾಡಿಗೆ ಅವರಿರಲಿ. ಗೇಮ್ ಆಡುವ ಸ್ಟೀರಿಂಗ್ ವೀಲಿನ ಫೋರ್ಸ್ ಫೀಡ್‌ಬ್ಯಾಕ್, ಅಂದರೆ ಒಳಗಿನ ಮೋಟಾರು ಟೈರಿನ ಎಳೆತವನ್ನು ಕೈಗೆ ತಿಳಿಸುವುದು, ಜೋರಾಗಿಟ್ಟರೆ ಆ ಮೋಟಾರು ತನ್ನ ಮಿತಿ ಮುಟ್ಟಿ ಸಣ್ಣ ಸುಳಿವುಗಳೆಲ್ಲ ಮಾಯ. ಗೇಮ್‌ನೊಳಗೇ ಇರುವ ಪೆಡಲ್ ಆ್ಯಪ್‌ನಲ್ಲಿ ಫೋರ್ಸ್ ಫೀಡ್‌ಬ್ಯಾಕಿನ ಪಟ್ಟಿ ಕೆಂಪಾಗುವುದು ನಿಲ್ಲುವವರೆಗೆ ಅದರ ಗೇನ್ (ಜೋರು) ಇಳಿಸಿದೆ. ಕೈಗೆ ಹಗುರ ಅನ್ನಿಸುತ್ತದೆ, ಆದರೆ ಟೈರ್ ಹೇಳುವುದು ಬರೋಬ್ಬರಿ ಕೇಳಿಸುತ್ತದೆ.

ಇನ್ನು ಎಫ್‌ಒವಿ (ಫೀಲ್ಡ್ ಆಫ್ ವ್ಯೂ), ಅಂದರೆ ಸ್ಕ್ರೀನಿನಲ್ಲಿ ಎಷ್ಟು ಅಗಲದ ನೋಟ ಕಾಣಬೇಕು ಅನ್ನುವ ಕೋನ. 27 ಇಂಚಿನ ಸ್ಕ್ರೀನಿನಿಂದ 65 ಸೆಂ.ಮೀ. ದೂರ ಕೂತರೆ ಲೆಕ್ಕದ ಪ್ರಕಾರ ಮೇಲಿಂದ ಕೆಳಗಿನವರೆಗಿನ ಕೋನ 29 ಡಿಗ್ರಿ ಬರುತ್ತದೆ. ಇಷ್ಟು ಕಮ್ಮಿ ಇಟ್ಟಾಗ ವೇಗದ ಮಜಾ ಹೋಗುತ್ತದೆ, ಆದರೆ ತಿರುವು ಎಷ್ಟು ದೂರ ಇದೆ ಅನ್ನುವುದು ಸರಿಯಾಗಿ ಗೊತ್ತಾಗುತ್ತದೆ.

ಸೀಟಿನಲ್ಲಿ ಕೂತಾಗ ಸೊಂಟಕ್ಕೆ ತಿಳಿಯುವ ಎಳೆತ ಮಾತ್ರ ಮನೆಯ ಕುರ್ಚಿಯಲ್ಲಿ ಸಿಗಲ್ಲ. ಅದಕ್ಕೇ ನಾನು ಹಾಡು ಹಾಕಲ್ಲ, ಎಂಜಿನ್ ಸದ್ದು ಇಳಿಸಿ ಟೈರಿನ ಸದ್ದು ಏರಿಸಿಕೊಳ್ಳುತ್ತೇನೆ.