ಸೇಂಟ್ ಮೇರಿಸ್ ದ್ವೀಪದ ಕಲ್ಲುಕಂಬಗಳನ್ನು ನೋಡುವುದು ಹೇಗೆ?

ಮಲ್ಪೆಯಿಂದ ಬೋಟ್ ಹತ್ತಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವವರಲ್ಲಿ ಹೆಚ್ಚಿನವರು ಕಂಬಗಳ ಮುಂದೆ ನಿಂತು ಒಂದು ಸೆಲ್ಫಿ ತೆಗೆದು ವಾಪಸ್ ಬಂದುಬಿಡುತ್ತಾರೆ. ಇನ್ನೊಂದು ಅರ್ಧ ಗಂಟೆ ಇರಿ. ಮಳೆಗಾಲದಲ್ಲಿ ಬೋಟ್ ಇರುವುದಿಲ್ಲ, ಅದು ನೆನಪಿರಲಿ. ಇಳಿತದ ಹೊತ್ತಿಗೆ ಹೋದರೆ ಕಂಬಗಳು ಬುಡದವರೆಗೆ ಚೆನ್ನಾಗಿ ಕಾಣುತ್ತವೆ.

ಈ ಕಂಬಗಳು ಲಾವಾ, ಅಂದರೆ ನೆಲದೊಳಗಿಂದ ಹೊರಬಂದ ಕರಗಿದ ಕಲ್ಲು, ಆರಿ ಆದವು. ಹಾಗಾಗಿ ಮೊದಲು ತಲೆಯಲ್ಲಿರುವ ಒಂದು ಚಿತ್ರ ಅಳಿಸಿ. ಶಾಲೆಯ ಪುಸ್ತಕದಲ್ಲಿ ಭೂಮಿಯನ್ನು ಕತ್ತರಿಸಿ ತೋರಿಸುವಾಗ ಒಳಗೆಲ್ಲ ಕೆಂಪು ಬಳಿದಿರುತ್ತಾರಲ್ಲ, ಅದನ್ನು ನೋಡಿ ನಮ್ಮ ಕಾಲ ಕೆಳಗೆ ಮ್ಯಾಗ್ಮಾದ, ಅಂದರೆ ಕರಗಿದ ಕಲ್ಲಿನ, ಸಮುದ್ರವೇ ಇದೆ ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಹೊರಪದರ ನಮ್ಮ ಕಡೆ ಸುಮಾರು 35ರಿಂದ 40 ಕಿ.ಮೀ. ದಪ್ಪ, ಸಾಗರದ ತಳದಲ್ಲಿ 7 ಕಿ.ಮೀ. ಆಸುಪಾಸು. ಅದರ ಕೆಳಗಿನ ಮ್ಯಾಂಟಲ್ ಎಂಬ ಪದರ ಬಹುಪಾಲು ಗಟ್ಟಿ ಕಲ್ಲೇ. ಬಿಸಿ ಸಾವಿರ ಡಿಗ್ರಿ ದಾಟಿದರೂ ಮೇಲಿನ ಭಾರ ಅದನ್ನು ಕರಗಲು ಬಿಡುವುದಿಲ್ಲ. ಒತ್ತಡ ಇಳಿದ ಕಡೆ, ಇಲ್ಲವೇ ನೀರು ಸೇರಿದ ಕಡೆ ಮಾತ್ರ ಒಂದಿಷ್ಟು ಕರಗುತ್ತದೆ. ಪ್ಲೇಟ್, ಅಂದರೆ ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು, ಹಿಗ್ಗಿ ಸೀಳುವ ಜಾಗದಲ್ಲಿ ಒತ್ತಡ ಇಳಿಯುತ್ತದೆ, ಕೆಳಗಿನ ಬಿಸಿ ಕಲ್ಲು ಮೇಲೇಳುತ್ತಾ ಕರಗುತ್ತದೆ. ಇಲ್ಲಿ ಆಗಿದ್ದೂ ಅದೇ.

ಈಗ ಕಂಬದ ತಲೆ ನೋಡಿ, ಅಂಚುಗಳನ್ನು ಎಣಿಸಿ. ಆರು ಇರುವುದು ಜಾಸ್ತಿ, ಐದು ಏಳೂ ಸಿಗುತ್ತವೆ. ಲಾವಾ ಗಟ್ಟಿಯಾದ ಮೇಲೂ ಆರುತ್ತಾ ಕುಗ್ಗುತ್ತದೆ, ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಒಣಗಿ ಬಿರಿಯುತ್ತದಲ್ಲ, ಹಾಗೆ ಮೇಲ್ಮೈಯಲ್ಲಿ ಸೀಳುಗಳು ಹುಟ್ಟಿ, ತಂಪು ಒಳಗಿಳಿದಂತೆ ಅವೂ ಒಳಗಿಳಿಯುತ್ತವೆ. ಯಾರೂ ಕೆತ್ತಿದ್ದಲ್ಲ.

ಆಮೇಲೆ ಕಂಬ ಯಾವ ಕಡೆ ವಾಲಿದೆ ಗಮನಿಸಿ. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಈ ಹಂತ. ಸೀಳುಗಳು ತಣ್ಣಗಾಗುತ್ತಿದ್ದ ಮೈಗೆ ನೇರವಾಗಿ, ಅಂದರೆ 90 ಡಿಗ್ರಿಯಲ್ಲಿ ಸಾಗುತ್ತವೆ. ಹಾಗಾಗಿ ನೆಟ್ಟಗಿನ ಕಂಬ ಕಂಡರೆ ಆ ಮೈ ಮಟ್ಟಸವಾಗಿತ್ತು ಅಂತ ಲೆಕ್ಕ. ವಾಲಿದ್ದು ಕಂಡರೆ ಅಲ್ಲಿ ಇಳಿಜಾರು ಇದ್ದಿರಬಹುದು, ಅಥವಾ ಆಮೇಲೆ ನೆಲವೇ ಓರೆಯಾಗಿರಬಹುದು.

ಕಲ್ಲಿನ ಕಣಗಳು ಬಹಳ ಸಣ್ಣವು. ನೆಲದ ಮೇಲೆ ಬೇಗ ಆರಿದ್ದರ ಗುರುತು ಅದು. ಎಲ್ಲರೂ ಬಸಾಲ್ಟ್, ಅಂದರೆ ಲಾವಾ ಆರಿ ಆಗುವ ಕಪ್ಪು ಕಲ್ಲು, ಅನ್ನುತ್ತಾರೆ, ಆದರೆ ಬಸಾಲ್ಟ್‌ಗಿಂತ ಇದರಲ್ಲಿ ಸಿಲಿಕಾ (ಮರಳಿನಲ್ಲಿರುವ ವಸ್ತು) ಜಾಸ್ತಿ.

ಕೊನೆಗೆ ನೈಋತ್ಯಕ್ಕೆ ತಿರುಗಿ. ಸಮುದ್ರದಾಚೆ, ಸುಮಾರು 4,000 ಕಿ.ಮೀ. ದೂರದಲ್ಲಿ ಮಡಗಾಸ್ಕರ್ ಇದೆ. ಇಂದಿಗೆ 8.5ರಿಂದ 9 ಕೋಟಿ ವರ್ಷದ ಹಿಂದೆ ಅದು ನಮ್ಮ ಪಕ್ಕದಲ್ಲೇ ಅಂಟಿಕೊಂಡಿತ್ತು. ಆಗ ಬಿದ್ದ ಬಿರುಕಿನ ಲಾವಾ ಇದು. ಬೇರೆಯಾದ ಮೇಲೆ ಭಾರತದ ಪ್ಲೇಟ್ ಉತ್ತರಕ್ಕೆ ಓಡಿತು, ಒಂದು ಕಾಲದಲ್ಲಿ ವರ್ಷಕ್ಕೆ 15 ಸೆಂ.ಮೀ.ಗೂ ಜಾಸ್ತಿ. ಏಷ್ಯಾಕ್ಕೆ ಗುದ್ದಿ ಹಿಮಾಲಯ ಎಬ್ಬಿಸಿದ ಮೇಲೂ 5 ಸೆಂ.ಮೀ. ಲೆಕ್ಕದಲ್ಲಿ ಸರಿಯುತ್ತಲೇ ಇದೆ.

ಯಾರಾದರೂ ಇದು ಡೆಕ್ಕನ್ ಲಾವಾ, ಅಂದರೆ ದಖ್ಖನ್ ಪ್ರಸ್ಥಭೂಮಿಯಲ್ಲಿ ಹರಡಿರುವ ಲಾವಾ, ಅಂದರೆ ಒಪ್ಪಬೇಡಿ, ಅದು ಬಂದಿದ್ದು 6.6 ಕೋಟಿ ವರ್ಷದ ಹಿಂದೆ. ಮತ್ತೆ, ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಲ್ಲಿನ ಚೂರು ಜೇಬಿಗಿಳಿಸಬೇಡಿ.