ಹಳೇ ಪಾಸಮ್ ಸ್ವೆಟರ್ ಆರಿಸುವುದು: ನನ್ನ ಅನುಭವ

ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ನಮಗಿದು ಏಳನೇ ಚಳಿಗಾಲ. ಈ ಸಲ ಮನೆಯ ನಾಲ್ಕೂ ಜನರಿಗೆ ಪಾಸಮ್-ಮೆರಿನೊ ಸ್ವೆಟರ್ ಇದೆ, ಅಂದರೆ ಪಾಸಮ್ ಅನ್ನೋ ಕಾಡುಪ್ರಾಣಿಯ ತುಪ್ಪಳವನ್ನು ಮೆರಿನೊ ಕುರಿಯ ನವಿರಾದ ಉಣ್ಣೆಗೆ ಬೆರೆಸಿ ಹೆಣೆದದ್ದು. ನಾಲ್ಕಕ್ಕೂ ಸೇರಿ ನಾನು ಕೊಟ್ಟಿದ್ದು ಹೆಚ್ಚುಕಡಿಮೆ 75 ಡಾಲರ್. ಹೊಸದಾದರೆ ಒಂದಕ್ಕೇ ಮುನ್ನೂರರ ಹತ್ತಿರ ಹೋಗುತ್ತದೆ. ಎಲ್ಲವೂ ಆಪ್ ಶಾಪ್‌ನಲ್ಲಿ, ಅಂದರೆ ದಾನಕ್ಕೆ ಬಂದ ಹಳೇ ಬಟ್ಟೆ ಮಾರುವ ಅಂಗಡಿಯಲ್ಲಿ ಆರಿಸಿದ್ದು. "ಯಾರೋ ಹಾಕಿ ಬಿಟ್ಟಿದ್ದನ್ನ ತರ್ತೀರಾ?" ಅಂತ ನಮ್ಮ ಕನ್ನಡದವರೇ ಮೂಗು ಮುರಿದಿದ್ದರು. ಈಗ ಅವರಲ್ಲಿ ಇಬ್ಬರು ಶನಿವಾರ ನನ್ನ ಜೊತೆ ಬರುತ್ತಾರೆ.

ಹೆಣಿಗೆ ಗೊತ್ತಿರುವ ನಿಮಗೆ ಒಗೆಯೋದು, ಒಣಗಿಸೋದು ಹೇಳಬೇಕಿಲ್ಲ. ಪಾಸಮ್ ತುಪ್ಪಳದ ಗುಣ ಮಾತ್ರ ನೆನಪಿರಲಿ. ಕೂದಲು ಗಿಡ್ಡ, ನುಣುಪು, ಒಳಗೆ ಟೊಳ್ಳು. ಅದಕ್ಕೇ ಅಷ್ಟು ಬೆಚ್ಚಗೆ, ಅಷ್ಟು ಹಗುರ. ಆದರೆ ಬರೀ ಅದನ್ನೇ ನೂತರೆ ನಿಲ್ಲುವುದಿಲ್ಲ. ಹಿಡಿದುಕೊಳ್ಳಲು ಮೆರಿನೊ ಬೇಕು. ನನ್ನ ಕೈಗೆ ಬಂದ ಲೇಬಲ್‌ಗಳಲ್ಲಿ ಜಾಸ್ತಿ ಕಂಡಿದ್ದು ನೂರಕ್ಕೆ ಪಾಸಮ್ 40, ಮೆರಿನೊ 50, ರೇಷ್ಮೆ 10, ಅದರ ಆಸುಪಾಸು.

ಮೊದಲ ವರ್ಷ ನಾನೂ ಹೊಸದನ್ನೇ ಕೊಂಡೆ, 280 ಡಾಲರ್. ಇದ್ದವುಗಳಲ್ಲಿ ಅತಿ ಮೆತ್ತಗಿನದನ್ನು ಆರಿಸಿದೆ. ತಪ್ಪಾಗಿದ್ದು ಅಲ್ಲೇ. ನೂಲಿನ ಹುರಿ ಸಡಿಲ, ಹೆಣಿಗೆಯೂ ಸಡಿಲ. ಎರಡನೇ ಚಳಿಗಾಲ ಮುಗಿಯುವಷ್ಟರಲ್ಲಿ ಮೊಣಕೈ ಸೊಳ್ಳೆಪರದೆಯಂತಾಯಿತು. ಆಮೇಲೆ ಆನ್‌ಲೈನ್‌ನಲ್ಲಿ ಅಂಗೋರಾ ಮೊಲದ ತುಪ್ಪಳ ಬೆರೆತದ್ದು ತರಿಸಿದೆ, 120ರ ಸುಮಾರು. ಒಂದು ವಾರ ಮನೆತುಂಬ ಬಿಳಿ ಕೂದಲು. ಮಗನಿಗೆ ಒಂದೇ ಸಮನೆ ಸೀನು. ಯಾರಿಗೋ ಕೊಟ್ಟುಬಿಟ್ಟೆ.

ಬೇಜಾರಿನಲ್ಲಿ ಕೂತಾಗ ಹೊಳೆಯಿತು. ಹೊಸ ಸ್ವೆಟರ್ ತನ್ನ ಐಬು ತೋರಿಸುವುದಿಲ್ಲ. ಉದುರುವುದೆಲ್ಲ ಉದುರಿ, ಹತ್ತಾರು ಸಲ ನೀರು ಕಂಡ ಮೇಲೂ ಚೆನ್ನಾಗಿದ್ದರೆ ಅದು ನಿಜವಾಗಿ ಒಳ್ಳೆಯದು, ಅಲ್ವಾ?

ಹಳೆಯದರಲ್ಲೂ ಮೊದಲು ಮೋಸ ಹೋದೆ. 12 ಡಾಲರ್‌ಗೆ ದಪ್ಪಗೆ, ಗಟ್ಟಿಯಾಗಿದ್ದ ಒಂದನ್ನು ತಂದೆ. ಯಾರೋ ಬಿಸಿನೀರಿನಲ್ಲಿ ಮಷೀನ್‌ಗೆ ಹಾಕಿ ಕಂಬಳಿಯಂತೆ ಗಟ್ಟಿಸಿದ್ದರು. ಹಾಕಿಕೊಂಡರೆ ಕೈ ಮೇಲೆತ್ತಲು ಆಗಲಿಲ್ಲ. ಹೆಣಿಗೆಯ ಕಣ್ಣುಗಳು ಒಂದೊಂದಾಗಿ ಕಾಣದಿದ್ದರೆ ಎಷ್ಟೇ ಅಗ್ಗವಾದರೂ ಈಗ ಮುಟ್ಟುವುದಿಲ್ಲ. ಇನ್ನೊಂದರ ಜೊತೆ ಬಟ್ಟೆ ತಿನ್ನುವ ಹುಳದ ಮೊಟ್ಟೆ ಮನೆಗೆ ಬಂತು. ಬೀರುವಿನಲ್ಲಿದ್ದ, ಅಮ್ಮ ಕೊಟ್ಟ ಉಣ್ಣೆ ಶಾಲು ಹಾಳಾಯಿತು. ಅದು ಈಗಲೂ ಹೊಟ್ಟೆ ಉರಿಸುತ್ತದೆ. ಅಂದಿನಿಂದ ತಂದದ್ದು ಏನೇ ಇರಲಿ, ಕವರ್‌ನಲ್ಲಿ ಕಟ್ಟಿ ಎರಡು ವಾರ ಫ್ರೀಜರ್‌ನಲ್ಲಿಟ್ಟೇ ಬೀರುವಿಗೆ. ನುಸಿಗುಳಿಗೆ ವಾಸನೆ ನನಗೆ ಆಗದು.

ಅಂಗಡಿಯಲ್ಲಿ ಮೊದಲು ಕಿಟಕಿಗೆ ಹೋಗುತ್ತೇನೆ. ಚಳ್ಳಕೆರೆಯಲ್ಲಿ ಕಂಬಳಿ ಕೊಳ್ಳುವಾಗ ಅಜ್ಜ ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ನಾನೂ ಹಾಗೇ ಮೊಣಕೈ, ಕಂಕುಳು ಎರಡನ್ನೂ ಬೆಳಕಿಗೆ ಹಿಡಿಯುತ್ತೇನೆ. ಪಾಸಮ್ ಬೆರೆತ ಬಟ್ಟೆ ಬಳಸುತ್ತಾ ಹೋದಂತೆ ಮೇಲೆ ಮಂಜಿನಂಥ ನವಿರು ಏಳುತ್ತದೆ. ಅದನ್ನು ನೋಡಿ ಹಳತಾಯಿತು ಅಂತ ಬಿಡಬೇಡಿ, ಅದು ತುಪ್ಪಳ ಇನ್ನೂ ಇದೆ ಅನ್ನೋದರ ಗುರುತು. ಮೈಯೆಲ್ಲ ನವಿರಿದ್ದು ಮೊಣಕೈ ಮಾತ್ರ ಬೋಳಾಗಿದ್ದರೆ ಅಲ್ಲಿ ಉಳಿದಿರುವುದು ಬರೀ ಮೆರಿನೊ. ಬೆಲೆ 10 ಡಾಲರ್ ಒಳಗಿದ್ದರೆ ತಂದು ತೇಪೆ ಹಾಕುತ್ತೇನೆ, ಇಲ್ಲದಿದ್ದರೆ ವಾಪಸ್. ಆಮೇಲೆ ತೋಳಿನ ತುದಿಯ ರಿಬ್, ಅಂದರೆ ಹಿಗ್ಗಿ ಕುಗ್ಗುವ ಗೆರೆಗೆರೆ ಹೆಣಿಗೆಯ ಪಟ್ಟಿ, ಎಳೆದು ಬಿಡುತ್ತೇನೆ. ತಕ್ಷಣ ಕೂಡಿಕೊಂಡರೆ ಸರಿ. ಕತ್ತಿನ ಪಟ್ಟಿಯಲ್ಲಿ ಇನ್ನೊಂದು ನೋಡುತ್ತೇನೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಈ ಊರಿನಲ್ಲಿ ಹುಡುಕುವವರು ಈಗಾಗಲೇ ಜಾಸ್ತಿ ಆಗಿದ್ದಾರೆ!

ಲೇಬಲ್ ಕತ್ತರಿಸಿದ್ದರೆ ಕೊಂಡ ಮೇಲೆ ಒಳಹೊಲಿಗೆಯಿಂದ ಒಂದು ಎಳೆ ತೆಗೆದು ಸುಡುತ್ತೇನೆ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಸಮಾಧಾನ. ಕರಗಿ ಗಟ್ಟಿ ಮಣಿಯಾದರೆ ನೈಲಾನ್ ಅಥವಾ ಅಂಥದ್ದೇನೋ ಸೇರಿದೆ. ಹೊಲಿಗೆ ದಾರವೇ ಕೈಗೆ ಬಂದಿದ್ದರೆ ಮೋಸ ಹೋಗುತ್ತೀರಿ, ಹೆಣಿಗೆಯ ನೂಲನ್ನೇ ತೆಗೆಯಬೇಕು.

ಈ ಹುಚ್ಚಿನಲ್ಲಿ ನೂಲುವುದಕ್ಕೂ ಕೈಹಾಕಿದೆ. ಕಿತ್ತ ಪಾಸಮ್ ತುಪ್ಪಳ 100 ಗ್ರಾಂ ಸಿಕ್ಕಿತು. ಮೆರಿನೊ ಜೊತೆ ಅರ್ಧಕ್ಕರ್ಧ ಬಾಚಿದೆ. ಅರ್ಧ ಅಡುಗೆಮನೆಯಲ್ಲಿ ಹಾರಾಡಿತು, ಉಳಿದದ್ದು ರಾಟೆಗೆ ಹಾಕಿದಾಗಲೆಲ್ಲ ತುಂಡಾಯಿತು. ಮೂರರಲ್ಲಿ ಒಂದು ಪಾಲಿಗೆ ಇಳಿಸಿದಾಗ ನೂಲು ಬಂತು. ಅದರಲ್ಲಿ ಆಗಿದ್ದು ಒಂದು ಜೊತೆ ಮಣಿಕಟ್ಟಿನ ಪಟ್ಟಿ. ಅಷ್ಟು ಬೆಚ್ಚಗಿನದು ನನ್ನ ಹತ್ತಿರ ಬೇರೊಂದಿಲ್ಲ.

ಕೊಂದ ಪ್ರಾಣಿಯ ತುಪ್ಪಳ ಅಲ್ವಾ ಅಂತ ಅಮ್ಮ ಕೇಳಿದ್ದರು. ಹೌದು. ತುಪ್ಪಳದ ವ್ಯಾಪಾರಕ್ಕೆಂದು 1837ರಲ್ಲಿ ಆಸ್ಟ್ರೇಲಿಯಾದಿಂದ ತಂದ ಪ್ರಾಣಿ ಇದು. ಇಲ್ಲಿನ ಕಾಡಿನ ಎಲೆ ಚಿಗುರು, ಹಕ್ಕಿಗಳ ಮೊಟ್ಟೆ ಮರಿ ತಿನ್ನುತ್ತದೆ. ಹಸುಗಳಿಗೆ ಕ್ಷಯ ಹರಡುತ್ತದೆ. ಸರ್ಕಾರವೇ ವಿಷ ಇಟ್ಟು ಕೊಲ್ಲಿಸುತ್ತದೆ. ಹೇಗೂ ಸಾಯುವ ಪ್ರಾಣಿಯ ತುಪ್ಪಳ ಮಣ್ಣುಪಾಲಾಗುವ ಬದಲು ಮೈಗೆ ಬೆಚ್ಚಗಾಗಲಿ ಅನ್ನೋದು ನನ್ನ ಮಾತು. ಅಮ್ಮ ಒಪ್ಪಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಮುಂದಿನ ತಿಂಗಳು ಬರುತ್ತಿದ್ದಾರೆ. ಅವರಿಗೆ ಬರೀ ಮೆರಿನೊದ ಕಾರ್ಡಿಗನ್ ಒಂದು ಸಿಕ್ಕಿದೆ, 8 ಡಾಲರ್. ಈಗ ಫ್ರೀಜರ್‌ನಲ್ಲಿದೆ.