ಕಡಿಮೆ ದುಡ್ಡಿಗೆ ಚಿಕ್ಕ ಲ್ಯಾಪ್‌ಟಾಪ್: ಕೊಳ್ಳುವ ಮುನ್ನ ‘ಸ್ತ್ರೀ’ ಎಂದು ಬರೆದು ನೋಡಿ

ಶಿರಸಿಯಲ್ಲಿರುವ ನಮ್ಮ ಚಿಕ್ಕಮ್ಮ ಸ್ವಸಹಾಯ ಸಂಘವೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ನಾಲ್ಕು ವರ್ಷದ ಹಿಂದೆ ಅವರಿಗೊಂದು ಹೊಚ್ಚ ಹೊಸ ಲ್ಯಾಪ್‌ಟಾಪ್ ಕೊಡಿಸಿ ಬೆನ್ನು ತಟ್ಟಿಸಿಕೊಂಡವನು ನಾನೇ. ಬೆಲೆ ಕಡಿಮೆ, ತೂಕ ಕಡಿಮೆ, ಬಣ್ಣ ಚೆನ್ನ. ಒಳಗಿದ್ದದ್ದು 4 ಜಿಬಿ ರ‍್ಯಾಮ್ (ಕೆಲಸ ಮಾಡುವಾಗ ಬಳಸುವ ನೆನಪು), 64 ಜಿಬಿ ಸಂಗ್ರಹ (ಕಡತಗಳನ್ನಿಡುವ ಜಾಗ). ಎಂಟು ತಿಂಗಳು ಕಳೆಯುವಷ್ಟರಲ್ಲಿ ವಿಂಡೋಸ್ ಅಪ್‌ಡೇಟಿಗೆ ಜಾಗವಿಲ್ಲವೆಂದು ಅದು ಹಟ ಹಿಡಿಯಿತು. ಫೋಟೊಗಳನ್ನೆಲ್ಲ ಅಳಿಸಿದೆವು. ಎರಡು ತಿಂಗಳಿಗೆ ಮತ್ತೆ ಅದೇ ರಾಗ. ‘ಇದನ್ನು ಆನ್ ಮಾಡಿ ಚಹಾಕ್ಕೆ ನೀರಿಡುತ್ತೇನೆ ಮಾರಾಯ. ನೀರು ಕುದಿಯುತ್ತದೆ, ಇದು ಏಳುವುದಿಲ್ಲ’ ಎಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಈ ಸಲ ಅದೇ ಮೊತ್ತಕ್ಕೆ ಬೇರೆ ದಾರಿ ಹಿಡಿದೆವು. ದೊಡ್ಡ ಕಂಪನಿಗಳ ಕಚೇರಿಯಲ್ಲಿ ಮೂರ್ನಾಲ್ಕು ವರ್ಷ ದುಡಿದು ಹೊರಬಂದ, ಗಟ್ಟಿ ಮೈಕಟ್ಟಿನ ಹಳೆಯ ಯಂತ್ರವೊಂದನ್ನು ಆರಿಸಿಕೊಂಡೆವು. ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಕೊಳ್ಳುವವರಿಗೆ ನನ್ನ ಸಲಹೆ ಇದೇ. ಆದರೆ ಹಳೆಯದನ್ನು ಕೊಳ್ಳುವವರು ಕಣ್ಣುಬಿಟ್ಟು ಕೊಳ್ಳಬೇಕು. ಅಂಗಡಿಯಲ್ಲಿ ಕಳೆಯುವ ಮುಕ್ಕಾಲು ಗಂಟೆಯಲ್ಲೇ ಎಲ್ಲವೂ ತೀರ್ಮಾನವಾಗುತ್ತದೆ.

ಮೊದಲು: ಕೆಲಸದ ಪಟ್ಟಿ

ಅಂಗಡಿಯವರು ‘ಏನಕ್ಕೆ ಬೇಕು ಸರ್?’ ಎಂದು ಕೇಳುತ್ತಾರೆ. ‘ಎಲ್ಲದಕ್ಕೂ’ ಎಂದರೆ ಕೆಟ್ಟಿರಿ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಚಿಕ್ಕಮ್ಮನ ಚೀಟಿ ಹೀಗಿತ್ತು: ಎಕ್ಸೆಲ್‌ನಲ್ಲಿ ಲೆಕ್ಕ, ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಸಭೆಯ ನಡಾವಳಿ, ವಾಟ್ಸ್‌ಆ್ಯಪ್ ವೆಬ್, ಪಹಣಿ ತೆಗೆದು ಮುದ್ರಿಸುವುದು, ವಾರಕ್ಕೊಮ್ಮೆ ಮೊಮ್ಮಗಳ ಜೊತೆ ವಿಡಿಯೊ ಕರೆ. ಜೊತೆಗೆ ಮಳೆಗಾಲದಲ್ಲಿ ಕರೆಂಟು ಹೋದರೂ ಎರಡು ಗಂಟೆ ನಡೆಯಬೇಕು, ಬಸ್ಸಿನಲ್ಲಿ ಒಯ್ಯುವ ಬಟ್ಟೆ ಚೀಲದಲ್ಲಿ ಹಿಡಿಸಬೇಕು. ಆಟವಿಲ್ಲ, ವಿಡಿಯೊ ಸಂಕಲನವಿಲ್ಲ. ನಿಮ್ಮ ಚೀಟಿಯಲ್ಲಿ ಇವೆರಡು ಇದ್ದರೆ ಈ ಲೇಖನ ನಿಮಗಲ್ಲ.

ಚೀಟಿ ಇದ್ದರೆ ಬೇಡದ್ದೂ ಗೊತ್ತಾಗುತ್ತದೆ. ಕ್ರೋಮ್‌ಬುಕ್ ಅಗ್ಗ, ಹಗುರ, ಬೇಗ ಏಳುತ್ತದೆ. ಬ್ರೌಸರ್‌ನಲ್ಲೇ ಕೆಲಸ ಮುಗಿಯುವವರಿಗೆ ಸಾಕು. ವಿಂಡೋಸ್‌ಗೆಂದು ಬರೆದ ನುಡಿ ತಂತ್ರಾಂಶವಾಗಲಿ ಡಿಜಿಟಲ್ ಸಹಿಯ ಡಾಂಗಲ್ ಆಗಲಿ ಬೇಕಿದ್ದವರಿಗೆ ಅದು ಆಗಿಬರುವುದಿಲ್ಲ. 2023ರಲ್ಲಿ 16,499 ರೂಪಾಯಿಗೆ ಬಂದ ಜಿಯೊಬುಕ್‌ನ ತೂಕ 990 ಗ್ರಾಂ ಮಾತ್ರ. ಆದರೆ ಅದರಲ್ಲಿರುವುದು ಅದರದೇ ಕಾರ್ಯಾಚರಣೆ ವ್ಯವಸ್ಥೆ, ವಿಂಡೋಸ್ ಅಲ್ಲ.

ಗಾತ್ರ

2007ರಲ್ಲಿ ಏಸಸ್ ಕಂಪನಿ ‘ಈ ಪಿಸಿ’ ಎಂಬ 7 ಇಂಚಿನ ಪರದೆಯ ಯಂತ್ರ ತಂದು ಚಿಕ್ಕ ಲ್ಯಾಪ್‌ಟಾಪಿನ ಹುಚ್ಚು ಹತ್ತಿಸಿತು. ಅದರ ಕೀಲಿಮಣೆಯ ಮೇಲೆ ದೊಡ್ಡವರ ಹತ್ತು ಬೆರಳು ಕೂರುತ್ತಿರಲಿಲ್ಲ. 12.5 ಇಂಚಿಗಿಂತ ಕೆಳಗಿಳಿಯಬೇಡಿ. 12.5ರಿಂದ 14 ಇಂಚಿನವರೆಗೆ ಕೀಲಿಗಳು ಪೂರ್ಣ ಅಳತೆಯಲ್ಲಿರುತ್ತವೆ, ತೂಕವೂ ಸಾಮಾನ್ಯವಾಗಿ ಒಂದೂಕಾಲರಿಂದ ಒಂದೂಮುಕ್ಕಾಲು ಕಿಲೊ ಒಳಗೇ.

ಇಂಚಿಗಿಂತ ಮುಖ್ಯವಾದದ್ದು ಪರದೆಯ ಚುಕ್ಕಿಗಳ ಲೆಕ್ಕ. ಹಳೆಯ ಯಂತ್ರಗಳಲ್ಲಿ 1366×768ರ ಪರದೆ ಧಾರಾಳವಾಗಿ ಸಿಗುತ್ತದೆ. ಬೇಡ ಎನ್ನಿ, 1920×1080 ಕೇಳಿ. ಇಂಗ್ಲಿಷ್ ಓದುವವರಿಗೆ ಇದು ಅಂದದ ಮಾತಿರಬಹುದು, ನಮಗೆ ಓದಿನ ಮಾತು. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು. ಸಂಘದ ಹೆಸರಿನಲ್ಲೇ ಇರುವ ‘ಸ್ತ್ರೀ’ ಎಂಬ ಪದವನ್ನು 11ರ ಗಾತ್ರದಲ್ಲಿ ಬರೆದು ನೋಡಿ. ಚುಕ್ಕಿ ಕಡಿಮೆಯಿರುವ ಪರದೆಯಲ್ಲಿ ತವತ್ತು, ರವತ್ತು ಒಂದರ ಮೇಲೊಂದು ಕುಳಿತು ಇರುವೆ ಸತ್ತಂತೆ ಕಾಣುತ್ತವೆ. ಹಾಗೆಯೇ ಪರದೆಯನ್ನು ಸ್ವಲ್ಪ ಹಿಂದೆ ಬಾಗಿಸಿ. ಬಣ್ಣ ತಿರುಗಿ ಕಪ್ಪಾದರೆ ಅದು ಟಿಎನ್ ಬಗೆಯದು, ಯಾವ ಕೋನದಿಂದಲೂ ಹಾಗೇ ಇದ್ದರೆ ಐಪಿಎಸ್. ಎರಡನೆಯದು ಬೇಕು.

ಒಳಗಿನ ಸಾಮಾನು

ರ‍್ಯಾಮ್ 8 ಜಿಬಿ. ವಿಂಡೋಸ್ 11ಕ್ಕೆ 4 ಜಿಬಿ ಸಾಕೆಂದು ಮೈಕ್ರೊಸಾಫ್ಟ್ ಹೇಳುವುದು ನಿಜ. ಆದರೆ ಅದು ಕನಿಷ್ಠ ಅರ್ಹತೆ, ಉತ್ತೀರ್ಣನಾಗಲು ಇಷ್ಟು ಅಂಕ ಸಾಕು ಎಂದ ಹಾಗೆ.

ಸಂಗ್ರಹ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ವೇಗದ ಬಗೆ) ಆಗಿರಬೇಕು, 256 ಜಿಬಿ ಇರಬೇಕು. ಅಗ್ಗದ ಹೊಸ ಯಂತ್ರಗಳ ಪೆಟ್ಟಿಗೆಯ ಮೇಲೆ ‘ಇಎಂಎಂಸಿ’ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅದು ಮೊಬೈಲ್, ಟ್ಯಾಬ್ಲೆಟ್‌ಗಳಲ್ಲಿರುವ ಬಗೆಯ ನಿಧಾನದ ಸಂಗ್ರಹ. ಮದರ್‌ಬೋರ್ಡಿಗೇ ಬೆಸೆದಿರುವುದರಿಂದ ತುಂಬಿದರೆ ಬದಲಾಯಿಸುವಂತಿಲ್ಲ, ಕೆಟ್ಟರೆ ಬೋರ್ಡೇ ಹೋಯಿತು. ಚಿಕ್ಕಮ್ಮನ ಮೊದಲ ಯಂತ್ರದ ಕಥೆ ಇಷ್ಟೇ.

ಪ್ರೊಸೆಸರ್ ವಿಷಯದಲ್ಲಿ ಅಂಗಡಿಯವರು ‘ಐ5 ಸರ್’ ಎಂದು ನಿಲ್ಲಿಸಿಬಿಡುತ್ತಾರೆ. ಐ5 ಎಂಬುದು ಮನೆತನದ ಹೆಸರು, ತಲೆಮಾರು ಯಾವುದೆಂದು ಅದರಿಂದ ಗೊತ್ತಾಗುವುದಿಲ್ಲ. ಅಡ್ಡಗೆರೆಯ ನಂತರದ ಸಂಖ್ಯೆ ನೋಡಿ. ಐ5-7200ಯು ಅಂದರೆ ಏಳನೆಯ ತಲೆಮಾರು, ಐ5-8250ಯು ಎಂಟನೆಯದು, ಐ5-10210ಯು ಎಂದು ಐದಂಕಿ ಇದ್ದರೆ ಮೊದಲ ಎರಡನ್ನು ಹಿಡಿದು ಹತ್ತನೆಯದು. ಏಳಕ್ಕೂ ಎಂಟಕ್ಕೂ ನಡುವೆ ಇರುವುದು ಒಂದು ಮೆಟ್ಟಿಲಲ್ಲ, ಒಂದು ಮಹಡಿ. 7200ಯು ಒಳಗೆ ಎರಡು ಕೋರ್ (ಲೆಕ್ಕ ಮಾಡುವ ಘಟಕ), 8250ಯು ಒಳಗೆ ನಾಲ್ಕು. ಅದಕ್ಕಿಂತ ದೊಡ್ಡ ವಿಷಯವೆಂದರೆ, ಇಂಟೆಲ್ ಯಂತ್ರಗಳ ಪೈಕಿ ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಬಹುಮಟ್ಟಿಗೆ ಎಂಟನೆಯ ತಲೆಮಾರಿನಿಂದ ಮೇಲಿನವನ್ನು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆರು, ಏಳನೆಯ ತಲೆಮಾರಿನವು ಅಂಗಡಿಗಳಲ್ಲಿ ರಾಶಿ ಬಿದ್ದಿರುವುದಕ್ಕೆ ಇದೂ ಒಂದು ಕಾರಣ. ‘ಇದರಲ್ಲೂ ವಿಂಡೋಸ್ 11 ಹಾಕಿ ಕೊಡುತ್ತೇವೆ’ ಎನ್ನುವವರಿದ್ದಾರೆ. ಹಿಂಬಾಗಿಲಿನಿಂದ ಹಾಕಲು ಬರುತ್ತದೆ, ಮುಂದೆ ಅಪ್‌ಡೇಟ್ ಬರುವ ಖಾತರಿ ಇರುವುದಿಲ್ಲ. ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಂಡು ಬಾಳುವವರಿಗಾದರೆ ಏಳನೆಯ ತಲೆಮಾರೂ ಚೆನ್ನಾಗಿಯೇ ನಡೆಯುತ್ತದೆ. ಲಿನಕ್ಸ್‌ನಲ್ಲಿ ನುಡಿಯಲ್ಲಿರುವಂಥದ್ದೇ ಕಗಪ ಕೀಲಿ ವಿನ್ಯಾಸ ಮೊದಲೇ ಇರುತ್ತದೆ, ಆರಿಸಿಕೊಂಡರಾಯಿತು.

ಹೊಸದೇ ಬೇಕು, ವಾರಂಟಿ ಇಲ್ಲದೆ ನಿದ್ದೆ ಬರುವುದಿಲ್ಲ ಎನ್ನುವವರು ಹಳೆಯ ಸೆಲೆರಾನ್ ಎನ್4020ಯಂಥ ಎರಡು ಕೋರಿನದನ್ನು ಬಿಟ್ಟು, 2023ರಲ್ಲಿ ಬಂದ ಇಂಟೆಲ್ ಎನ್100 ಅಥವಾ ಅದಕ್ಕಿಂತ ಮೇಲಿನದನ್ನು 8 ಜಿಬಿ, ಎಸ್‌ಎಸ್‌ಡಿ ಸಮೇತ ನೋಡಿ. ಕೊಂಡ ಮೇಲೆ ವಿಂಡೋಸ್ ‘ಎಸ್ ಮೋಡ್’ನಲ್ಲಿದೆಯೇ ಗಮನಿಸಿ. ಆ ಸ್ಥಿತಿಯಲ್ಲಿ ಮೈಕ್ರೊಸಾಫ್ಟ್ ಸ್ಟೋರ್‌ನ ಹೊರಗಿನದು ಯಾವುದೂ ಕೂರುವುದಿಲ್ಲ. ದುಡ್ಡು ಕೊಡದೆ ಅದರಿಂದ ಹೊರಬರಬಹುದು, ಮರಳಿ ಹೋಗಲು ಮಾತ್ರ ಆಗದು.

ಯಾವ ಮಾದರಿ, ಎಲ್ಲಿ

ಮನೆಬಳಕೆಗೆಂದು ಮಾರುವ ಯಂತ್ರಗಳಿಗೂ ಕಚೇರಿಗಳಿಗೆಂದು ಮಾಡುವ ಯಂತ್ರಗಳಿಗೂ ಪರದೆಯ ಕೀಲಿನಲ್ಲೇ ವ್ಯತ್ಯಾಸ ತಿಳಿಯುತ್ತದೆ. ಲೆನೊವೊದಲ್ಲಿ ಥಿಂಕ್‌ಪ್ಯಾಡ್, ಡೆಲ್‌ನಲ್ಲಿ ಲ್ಯಾಟಿಟ್ಯೂಡ್, ಎಚ್‌ಪಿಯಲ್ಲಿ ಎಲೈಟ್‌ಬುಕ್ ಈ ಎರಡನೆಯ ಜಾತಿಯವು. ಎಂಟನೆಯ ತಲೆಮಾರಿನ ಚಿಕ್ಕವುಗಳಲ್ಲಿ ಥಿಂಕ್‌ಪ್ಯಾಡ್ ಎಕ್ಸ್280, ಲ್ಯಾಟಿಟ್ಯೂಡ್ 7290 ಎರಡೂ 12.5 ಇಂಚು, ಎಲೈಟ್‌ಬುಕ್ 830 ಜಿ5 13.3 ಇಂಚು. ಎಕ್ಸ್280ರ ರ‍್ಯಾಮ್ ಬೋರ್ಡಿಗೆ ಬೆಸೆದದ್ದು, ಆದ್ದರಿಂದ 4 ಜಿಬಿಯದನ್ನು ‘ಆಮೇಲೆ ಹಾಕಿಸಿಕೊಳ್ಳಿ’ ಎಂದು ಕೊಟ್ಟರೆ ನಂಬಬೇಡಿ. 830 ಜಿ5ರಲ್ಲಿ ಎರಡು ಸ್ಲಾಟ್ ಇವೆ. 14 ಇಂಚಾದರೂ ಸರಿ ಎನ್ನುವವರಿಗೆ ಥಿಂಕ್‌ಪ್ಯಾಡ್ ಟಿ480 ಇದೆ. ಒಳಗೊಂದು, ಹೊರಗೆ ಕಳಚಿ ಹಾಕುವಂಥದ್ದೊಂದು ಎಂದು ಎರಡು ಬ್ಯಾಟರಿ ಅದಕ್ಕೆ. ಕರೆಂಟು ನೆಚ್ಚಿಕೊಳ್ಳಲಾಗದ ಊರಿಗೆ ಹೇಳಿ ಮಾಡಿಸಿದ್ದು.

ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆಯ ದಾರಿ ಹೇಳಬೇಕಿಲ್ಲ. ಈಗ ಜಿಲ್ಲಾ ಕೇಂದ್ರಗಳಲ್ಲೂ ಹಳೆಯ ಯಂತ್ರ ಮಾರುವ ಅಂಗಡಿಗಳಿವೆ. ಆನ್‌ಲೈನ್‌ನಲ್ಲಿ ಕೊಂಡರೆ ಹಿಂತಿರುಗಿಸುವ ಅವಧಿ ಓದಿಕೊಳ್ಳಿ. ನಾನಾದರೆ ಅಂಗಡಿಗೇ ಹೋಗುತ್ತೇನೆ, ಬೆಳಿಗ್ಗೆ, ಗಿರಾಕಿಗಳು ಕಡಿಮೆ ಇರುವಾಗ.

ಅಂಗಡಿಯ ಮುಕ್ಕಾಲು ಗಂಟೆ

ಮೊದಲು ಮುಚ್ಚಿದ ಯಂತ್ರವನ್ನು ಮೇಜಿನ ಮೇಲಿಡಿ. ನಾಲ್ಕು ಕಾಲೂ ತಾಗಿ ಕೂರಬೇಕು. ಓಲಾಡಿದರೆ, ಅಥವಾ ಟಚ್‌ಪ್ಯಾಡ್ ಉಬ್ಬಿದ್ದರೆ, ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಅಂಥದ್ದನ್ನು ಚೌಕಾಸಿ ಮಾಡದೆ ಹಿಂದಕ್ಕೆ ಕೊಡಿ. ಬಳಿಕ ಪರದೆಯನ್ನು ನಿಧಾನವಾಗಿ ತೆರೆಯಿರಿ. ಕೀಲು ಕಿರುಗುಟ್ಟಬಾರದು, ಅರ್ಧಕ್ಕೆ ಬಿಟ್ಟರೆ ಅಲ್ಲೇ ನಿಲ್ಲಬೇಕು.

ಕೀಲಿಮಣೆಗೆ ಹತ್ತು ನಿಮಿಷ ಕೊಡಿ. ಹೊರದೇಶದಿಂದ ಬಂದ ಯಂತ್ರಗಳಲ್ಲಿ ಕೀಲಿಗಳ ಜಾಗ ಅದಲುಬದಲಾಗಿರುವುದುಂಟು. ನೋಟ್‌ಪ್ಯಾಡ್ ತೆರೆದು ಪ್ರತಿ ಕೀಲಿಯನ್ನೂ ಒತ್ತಿ. ಕನ್ನಡಿಗರು ವಿಶೇಷವಾಗಿ ನೋಡಬೇಕಾದದ್ದು ಎಫ್ ಕೀಲಿ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸುವ ನುಡಿಯಲ್ಲಿ ಅರ್ಧಾಕ್ಷರ ಮಾಡುವ ಕೀಲಿ ಅದೇ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು. ಒಂದು ಪುಟ ನಡಾವಳಿಗೆ ಎಷ್ಟು ಒತ್ತಕ್ಷರವೋ ಅಷ್ಟು ಸಲ ಎಫ್. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಬಳಸುವವರಿಗೆ ಆ ಕೆಲಸ ಮಾಡುವುದು ಡಿ. ಹಿಂದಿನ ಬಳಕೆದಾರರು ಇಂಗ್ಲಿಷಿನಲ್ಲೇ ಬರೆದವರಾಗಿದ್ದರೆ ಇ, ಎ ಸವೆದು ಎಫ್ ಫಳಫಳ ಎನ್ನುತ್ತಿರುತ್ತದೆ. ಅವರ ಇಂಗ್ಲಿಷ್ ಮೋಹಕ್ಕೆ ಒಂದು ನಮಸ್ಕಾರ.

ಇನ್ನು ಬ್ಯಾಟರಿ. ‘ಮೂರು ಗಂಟೆ ಬರುತ್ತದೆ’ ಎಂಬ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಿ. ಯಂತ್ರದ ಬಾಯಿಂದಲೇ ಸತ್ಯ ಹೇಳಿಸಬಹುದು. ಕಮಾಂಡ್ ಪ್ರಾಂಪ್ಟ್ (ಆಜ್ಞೆ ಬರೆಯುವ ಕಪ್ಪು ಕಿಟಕಿ) ತೆರೆದು, ಇಂಗ್ಲಿಷಿನಲ್ಲಿ ‘ಪವರ್’ ಪದಕ್ಕೆ ಸಿ, ಎಫ್, ಜಿ ಅಕ್ಷರಗಳನ್ನು ಅಂಟಿಸಿ ಬರೆಯಿರಿ. ಒಂದು ಜಾಗ ಬಿಟ್ಟು, ಓರೆಗೆರೆ (/) ಹಾಕಿ, ‘ಬ್ಯಾಟರಿ’ ‘ರಿಪೋರ್ಟ್’ ಎರಡನ್ನೂ ಕೂಡಿಸಿ ಬರೆದು ಎಂಟರ್ ಒತ್ತಿ. ವರದಿಯ ಕಡತ ಎಲ್ಲಿದೆ ಎಂದು ಅದೇ ತೋರಿಸುತ್ತದೆ. ಬ್ರೌಸರ್‌ನಲ್ಲಿ ತೆರೆದರೆ ಎರಡು ಸಂಖ್ಯೆ ಸಿಗುತ್ತವೆ: ಹುಟ್ಟಿದಾಗಿನ ಸಾಮರ್ಥ್ಯ, ಈಗ ಪೂರ್ತಿ ತುಂಬಿದಾಗಿನ ಸಾಮರ್ಥ್ಯ. ನಾವು ನೋಡಿದ ಮೊದಲನೆಯದರಲ್ಲಿ 42,000ಕ್ಕೆ 19,000 ಉಳಿದಿತ್ತು, ಅರ್ಧಕ್ಕಿಂತ ಕಡಿಮೆ. ಎರಡನೆಯದರಲ್ಲಿ 31,000, ಅಂದರೆ ನೂರಕ್ಕೆ 74. ಅದನ್ನೇ ತೆಗೆದುಕೊಂಡೆವು. 70ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಕೊಡಿ ಎನ್ನಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಎಸ್‌ಎಸ್‌ಡಿಯ ಆರೋಗ್ಯವನ್ನು ಹೀಗೆಯೇ ಹೇಳುತ್ತದೆ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ. ಪೆನ್‌ಡ್ರೈವ್ ಚುಚ್ಚುವಾಗ ಎಲ್ಲ ಯುಎಸ್‌ಬಿ ಕಿಂಡಿಗಳ ಪರೀಕ್ಷೆಯೂ ಆಗಿಹೋಗುತ್ತದೆ.

ಕ್ಯಾಮೆರಾ, ಮೈಕು, ವೈಫೈ ಎಲ್ಲಕ್ಕೂ ಒಂದೇ ಪರೀಕ್ಷೆ ಸಾಕು: ಅಲ್ಲಿಂದಲೇ ಮನೆಗೆ ಒಂದು ವಿಡಿಯೊ ಕರೆ. ಹತ್ತು ನಿಮಿಷ ಮಾತಾಡಿ, ತಳಕ್ಕೆ ಕೈಯಿಟ್ಟು ನೋಡಿ. ಬೆಚ್ಚಗಾದರೆ ಸಹಜ, ಕೈ ಇಡಲಾಗದಷ್ಟು ಬಿಸಿಯಾದರೆ ಫ್ಯಾನಿನಲ್ಲಿ ದೂಳು ಕಟ್ಟಿರಬಹುದು.

ಕಚೇರಿಯ ಯಂತ್ರಗಳಿಗೆ ಮಾತ್ರ ಇರುವ ಒಂದು ಕಂಟಕವಿದೆ. ಹಿಂದಿನ ಕಂಪನಿ ತನ್ನ ಪಟ್ಟಿಯಿಂದ ಯಂತ್ರವನ್ನು ಬಿಡಿಸದಿದ್ದರೆ, ಮುಂದೊಂದು ದಿನ ನೀವು ರಿಸೆಟ್ ಮಾಡಿ ವೈಫೈ ಜೋಡಿಸಿದೊಡನೆ ಆ ಕಂಪನಿಯ ಸ್ವಾಗತ ಪುಟ ಎದ್ದು ನಿಂತು ಅಲ್ಲಿಯ ನೌಕರರ ಪಾಸ್‌ವರ್ಡ್ ಕೇಳುತ್ತದೆ. ಆದ್ದರಿಂದ ‘ನನ್ನೆದುರೇ ರಿಸೆಟ್ ಮಾಡಿ, ವೈಫೈ ಜೋಡಿಸಿ ತೋರಿಸಿ’ ಎನ್ನಿ. ಅರ್ಧ ಗಂಟೆ ಹೆಚ್ಚು ಹಿಡಿಯಬಹುದು, ಅಂಗಡಿಯವರ ಮುಖವೂ ಸಣ್ಣಗಾಗಬಹುದು. ಆಗಲಿ. ಬಯೋಸ್ (ವಿಂಡೋಸ್‌ಗೂ ಮೊದಲು ಏಳುವ ಮೂಲ ವ್ಯವಸ್ಥೆ) ತೆರೆಯುವಾಗ ಪಾಸ್‌ವರ್ಡ್ ಕೇಳಿದರೂ ಬೇಡವೆನ್ನಿ. ರಿಸೆಟ್ ಮುಗಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಆ್ಯಕ್ಟಿವೇಟ್ ಆಗಿದೆಯೇ ನೋಡಿಕೊಳ್ಳಿ.

ಬಿಲ್, ಚಾರ್ಜರ್ ಮತ್ತು ಮೊದಲ ವಾರ

ಬಿಲ್ಲಿನಲ್ಲಿ ಮಾದರಿಯ ಹೆಸರಲ್ಲದೆ ತಳದಲ್ಲಿರುವ ಸೀರಿಯಲ್ ಸಂಖ್ಯೆಯನ್ನೂ ಬರೆಸಿ, ವಾರಂಟಿ ಎಷ್ಟು ದಿನ ಎಂಬುದನ್ನು ಬಾಯಿಮಾತಿಗೆ ಬಿಡಬೇಡಿ. ಚಾರ್ಜರ್ ಆ ಕಂಪನಿಯದೇ ಆಗಿರಲಿ. ಈ ತಲೆಮಾರಿನ ಹಲವು ಯಂತ್ರಗಳು ಯುಎಸ್‌ಬಿ-ಸಿ ಮೂಲಕವೂ ಚಾರ್ಜ್ ಆಗುತ್ತವೆ. ಹಾಗಿದ್ದರೆ 65 ವಾಟ್‌ನ ಒಂದೇ ಚಾರ್ಜರ್ ಹಲವು ಫೋನಿಗೂ ಆದೀತು.

ಮನೆಗೆ ತಂದ ಮೇಲೆ ಶುಭದಿನ ನೋಡಿ ತೆರೆಯುತ್ತೇನೆಂದು ಕಪಾಟಿನಲ್ಲಿಡಬೇಡಿ. ಹಿಂತಿರುಗಿಸುವ ಅವಧಿಯ ಒಂದೊಂದು ದಿನವನ್ನೂ ಬಳಸಿ, ಬೇಕೆಂದೇ ಹೆಚ್ಚು ದುಡಿಸಿ. ಚಿಕ್ಕಮ್ಮನ ಯಂತ್ರದ ಎಡಗಡೆಯ ಸ್ಪೀಕರ್ ಮೂರನೆಯ ದಿನ ಗೊರಗೊರ ಎನ್ನತೊಡಗಿತು. ಬಿಲ್ಲಿನಲ್ಲಿ ಹದಿನೈದು ದಿನ ಎಂದು ಬರೆಸಿದ್ದೆವು. ಬಸ್ಸಿನ ಪಾರ್ಸಲ್‌ನಲ್ಲಿ ಕಳಿಸಿದೆವು, ಹನ್ನೊಂದನೆಯ ದಿನ ಸ್ಪೀಕರ್ ಬದಲಾಗಿ ಬಂತು. ಈಗ ಚಿಕ್ಕಮ್ಮನ ದೂರು ಒಂದೇ: ಚಹಾಕ್ಕೆ ನೀರಿಟ್ಟು ಬರುವಷ್ಟರಲ್ಲಿ ಅದು ಎದ್ದು, ಕಾದು, ಬೇಸತ್ತು ಮತ್ತೆ ಮಲಗಿರುತ್ತದೆಯಂತೆ.